ಮಳೆಯ ತರುವಾಯದ ಸಮುದ್ರಸ್ನಾನ: ಕಡಲತೀರದ ಜಲಗುಣ ಮತ್ತು ಈಜುಗಾರನ ಕ್ಷೇಮ

ಮಳೆ ಸುರಿದು ನಿಂತ ಬಳಿಕ ಕಡಲತೀರದ ನೀರಿನ ಗುಣದಲ್ಲಿ ಉಂಟಾಗುವ ವ್ಯತ್ಯಾಸ, ಅದರಿಂದ ಸ್ನಾನಾರ್ಥಿಗಳಿಗೂ ಈಜುಗಾರರಿಗೂ ಒದಗಬಹುದಾದ ಅಪಾಯ, ಆ ಅಪಾಯವನ್ನು ಅಳೆದು ಜನರಿಗೆ ಸಾರುವ ಕ್ರಮ, ಇವುಗಳ ಅಧ್ಯಯನವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರದ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆಯಿತು. ಸಮುದ್ರವು ಅಪಾರವಾದುದು, ಅದರಲ್ಲಿ ಬಿದ್ದ ಕಶ್ಮಲವೆಲ್ಲ ಕರಗಿ ಇಲ್ಲವಾಗುತ್ತದೆ ಎಂಬ ಪುರಾತನ ವಿಶ್ವಾಸವು ನಡುಗಡಲಿನ ವಿಷಯದಲ್ಲಿ ಬಹುಮಟ್ಟಿಗೆ ಸಲ್ಲುವುದಾದರೂ, ಮನುಷ್ಯನು ಮೀಯುವುದು ನಡುಗಡಲಿನಲ್ಲಲ್ಲ. ದಡಕ್ಕೆ ಹತ್ತಿದಂತಿರುವ, ತೆರೆಯೊಡೆದು ನೊರೆಯಾಗುವ ಕಿರಿದಾದ ಒಂದು ಪಟ್ಟಿಯಲ್ಲಿ. ಈ ಪಟ್ಟಿಯ ನೀರು ಹೊರಗಡಲಿನೊಡನೆ ನಿಧಾನವಾಗಿ ಬೆರೆಯುತ್ತ, ಅದಕ್ಕಿಂತ ವೇಗವಾಗಿ ದಡದುದ್ದಕ್ಕೂ ಸರಿದಾಡುವುದರಿಂದ, ಒಂದು ಕಡೆ ಹೊರಬಿದ್ದ ಮಲಿನ ಜಲವು ದೂರದ ಇನ್ನೊಂದು ತೀರದಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಆದುದರಿಂದ ಮಳೆಯ ತರುವಾಯದ ಕಡಲನ್ನು ಅರಿಯಬೇಕೆನ್ನುವವನು ಮೊದಲು ನೋಡಬೇಕಾದುದು ಅದರ ಹಿಂದಿರುವ ಊರನ್ನು. ಮತ್ತು, ಮುಂದೆ ವಿಶದವಾಗುವಂತೆ, ಪ್ರಯೋಗಶಾಲೆಯ ಸೂಕ್ಷ್ಮ ಉಪಕರಣಗಳೆಲ್ಲಕ್ಕಿಂತ ಮೊದಲು ಅವನಿಗೆ ನೆರವಾಗುವುದು ಮಳೆಮಾಪಕವೆಂಬ ಅತಿ ಸಾಮಾನ್ಯವಾದ ಸಾಧನ.

ಮಳೆನೀರು ಹರಿದುಬರುವ ಬಗೆ

ಕಾಡಿನಲ್ಲಿ ಸುರಿದ ಮಳೆಯ ಬಹುಭಾಗವು ಎಲೆಗಸದ ಮೇಲೆ ಇಳಿದು, ಮಣ್ಣಿನೊಳಗೆ ಇಂಗಿ, ದಿನಗಳೋ ವಾರಗಳೋ ಕಳೆದ ಮೇಲೆ ಊಟೆಯಾಗಿ ಹೊರಡುತ್ತದೆ. ನಗರದಲ್ಲಿ ಸುರಿದುದಾದರೋ ಛಾವಣಿಯಿಂದ ರಸ್ತೆಗೆ, ರಸ್ತೆಯಿಂದ ಚರಂಡಿಗೆ, ಚರಂಡಿಯಿಂದ ಕಾಲುವೆಗೆ ಕೆಲವೇ ಗಂಟೆಗಳಲ್ಲಿ ಧಾವಿಸಿ ಸಮುದ್ರವನ್ನು ಮುಟ್ಟುತ್ತದೆ. ಹೀಗೆ ಧಾವಿಸುವಾಗ ಅದು ಬರಿಗೈಯಲ್ಲಿ ಹೋಗುವುದಿಲ್ಲ. ನಾಯಿ ಬೆಕ್ಕು ಪಕ್ಷಿಗಳ ಹಿಕ್ಕೆ, ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ, ಬ್ರೇಕು ಸವೆದುದರ ತಾಮ್ರದ ಹುಡಿ, ಸಿಗರೇಟಿನ ತುಂಡು, ಪ್ಲಾಸ್ಟಿಕ್ಕು, ತೋಟಗಳಿಗೆ ಎರಚಿದ ಕೀಟನಾಶಕ, ಬಿರುಕುಬಿಟ್ಟ ಒಳಚರಂಡಿಯಿಂದ ಜಿನುಗಿದ ಕೊಳಕು, ವಸತಿಯಿಲ್ಲದೆ ಬೀದಿಯಲ್ಲಿ ಬದುಕುವವರ ಶೌಚ, ಇವೆಲ್ಲವೂ ಒಂದೇ ಪ್ರವಾಹದಲ್ಲಿ ಕೂಡಿ ಬರುತ್ತವೆ. ದೀರ್ಘಕಾಲದ ಒಣಹವೆಯ ತರುವಾಯ ಬೀಳುವ ಮೊದಲ ಮಳೆ ಈ ದೃಷ್ಟಿಯಿಂದ ಎಲ್ಲಕ್ಕಿಂತ ಕೆಟ್ಟದ್ದು. ಬಹುಕಾಲದಿಂದ ಗುಡಿಸದ ಅಂಗಳಕ್ಕೆ ಸುರಿದ ಮೊದಲ ಕೊಡ ನೀರಿನಂತೆ ಅದು ತಿಂಗಳುಗಟ್ಟಲೆ ಸಂಚಿತವಾದುದನ್ನು ಒಮ್ಮೆಲೇ ಎತ್ತಿಕೊಂಡು ಹೋಗುತ್ತದೆ. ಅದೇ ಪ್ರಮಾಣದ ಮಳೆ ಎರಡನೆಯ ಬಾರಿ, ಮೂರನೆಯ ಬಾರಿ ಬಂದಾಗ ಒಯ್ಯಲು ಅಷ್ಟು ಇರುವುದಿಲ್ಲ.

ನಗರಗಳ ಚರಂಡಿ ವ್ಯವಸ್ಥೆ ಸ್ಥೂಲವಾಗಿ ಎರಡು ವಿಧ. ಲಂಡನ್, ನ್ಯೂಯಾರ್ಕ್ ಮೊದಲಾದ ಹಳೆಯ ನಗರಗಳ ಬಹುಭಾಗದಲ್ಲಿ ಮನೆಯ ಕೊಳಚೆಯೂ ಮಳೆಯ ನೀರೂ ಒಂದೇ ಕೊಳವೆಯಲ್ಲಿ ಹರಿಯುವಂತೆ ಕಟ್ಟಲ್ಪಟ್ಟಿದ್ದು, ಸಾಧಾರಣ ದಿನಗಳಲ್ಲಿ ಎರಡೂ ಶುದ್ಧೀಕರಣಾಲಯಕ್ಕೆ ಸೇರುತ್ತವೆ. ಆದರೆ ಮಳೆ ಬಲವಾದೊಡನೆ ಕೊಳವೆಯ ಧಾರಣಶಕ್ತಿ ಮೀರಿ, ಬೀದಿಗಳೂ ನೆಲಮಾಳಿಗೆಗಳೂ ಕೊಳಚೆಯಿಂದ ತುಂಬದಿರಲೆಂದು ಇರಿಸಿರುವ ತೂಬುಗಳ ಮೂಲಕ ಆ ಮಿಶ್ರಜಲವು ನೇರವಾಗಿ ನದಿಗೋ ಸಮುದ್ರಕ್ಕೋ ಬೀಳುತ್ತದೆ. ಹೊಸ ನಗರಗಳಲ್ಲಿ ಇವೆರಡಕ್ಕೂ ಪ್ರತ್ಯೇಕ ಮಾರ್ಗಗಳಿವೆ. ಪ್ರತ್ಯೇಕ ಮಾರ್ಗವಿದ್ದರೆ ಸಮಸ್ಯೆ ತೀರಿತೆಂದು ಬಹುಕಾಲ ಎಣಿಸಲಾಗಿತ್ತು. ಅದು ತೀರಲಿಲ್ಲವೆಂಬುದಕ್ಕೆ ಲಾಸ್ ಏಂಜಲಿಸ್ ನಗರವೇ ನಿದರ್ಶನ.

ಸಾಂಟಾ ಮೋನಿಕಾ ಕೊಲ್ಲಿ

ಮಳೆಗೂ ಕಡಲಸ್ನಾನಕ್ಕೂ ಇರುವ ಸಂಬಂಧವನ್ನು ಅತ್ಯಂತ ವಿವರವಾಗಿ ಪರಿಶೀಲಿಸಲಾಗಿರುವ ಸ್ಥಳಗಳಲ್ಲಿ ಕ್ಯಾಲಿಫೋರ್ನಿಯದ ದಕ್ಷಿಣ ಕರಾವಳಿ, ಅದರಲ್ಲಿಯೂ ಲಾಸ್ ಏಂಜಲಿಸ್ ನಗರದ ಪಶ್ಚಿಮಕ್ಕಿರುವ ಸಾಂಟಾ ಮೋನಿಕಾ ಕೊಲ್ಲಿ, ಮುಖ್ಯವಾದುದು. ಇಲ್ಲಿ ವರ್ಷಕ್ಕೆ ಸರಾಸರಿ ಹದಿನಾಲ್ಕು ಹದಿನೈದು ಅಂಗುಲಗಳಷ್ಟೇ ಮಳೆ. ಅದೂ ಬಹುಪಾಲು ನವೆಂಬರಿನಿಂದ ಮಾರ್ಚಿಯವರೆಗಿನ ಚಳಿಗಾಲದಲ್ಲಿ. ಬೇಸಗೆಯ ಹಲವು ತಿಂಗಳು ಮಳೆಯೇ ಇಲ್ಲದೆ ಕಳೆಯುವುದು ಅಪೂರ್ವವಲ್ಲ. ಹೀಗಾಗಿ ಮಳೆಯ ಪರಿಣಾಮವು ಬೇರೆ ಕಾರಣಗಳೊಡನೆ ಬೆರೆತುಹೋಗದೆ ಸ್ಪಷ್ಟವಾಗಿ ತೋರುತ್ತದೆ. ಸಂಶೋಧಕನಿಗೆ ಇದಕ್ಕಿಂತ ಅನುಕೂಲವಾದ ಭೂಮಿ ದೊರೆಯುವುದು ಕಷ್ಟ.

ಈ ಕೊಲ್ಲಿಯ ಚರಿತ್ರೆಯ ಮೊದಲ ಅಧ್ಯಾಯ ಮಳೆಯದಲ್ಲ, ಕೊಳಚೆಯದು. ಲಾಸ್ ಏಂಜಲಿಸ್ ತನ್ನ ಕೊಳಚೆಯನ್ನು ಹೈಪೀರಿಯನ್ ಎಂಬಲ್ಲಿ ಶುದ್ಧೀಕರಿಸದೆಯೇ ಸಮುದ್ರಕ್ಕೆ ಬಿಡುತ್ತಿದ್ದಿತು. 1925ರಲ್ಲಿ ನಿರ್ಮಿತವಾದ ಸ್ಥಾವರವು ಜರಡಿಯಾಡಿಸುವುದಕ್ಕಿಂತ ಹೆಚ್ಚೇನನ್ನೂ ಮಾಡುತ್ತಿರಲಿಲ್ಲ. 1943ರಲ್ಲಿ ರಾಜ್ಯದ ಆರೋಗ್ಯ ಮಂಡಲಿಯು ಹತ್ತು ಮೈಲಿಗಳಷ್ಟು ಉದ್ದದ ತೀರವನ್ನು ಜನರಿಗೆ ನಿಷೇಧಿಸಬೇಕಾಯಿತು. 1950ರಲ್ಲಿ ಹೊಸ ಸ್ಥಾವರವು ಕಾರ್ಯಾರಂಭ ಮಾಡಿತಾದರೂ, ನಗರ ಬೆಳೆದಂತೆಲ್ಲ ಅದು ಸಾಲದಾಗಿ, ಕೆಸರುಗಸಿಯನ್ನು ಕೊಲ್ಲಿಗೆ ಸುರಿಯುವುದು 1987ರವರೆಗೂ ನಡೆದು, ಪೂರ್ಣಪ್ರಮಾಣದ ದ್ವಿತೀಯ ಹಂತದ ಶುದ್ಧೀಕರಣವು ಸಾಧ್ಯವಾದುದು 1998ರಲ್ಲಿ. ಈ ಸುಧಾರಣೆಗೆ ಒತ್ತಾಯ ತಂದವರಲ್ಲಿ 1985ರಲ್ಲಿ ಡಾರತಿ ಗ್ರೀನ್ ಎಂಬಾಕೆ ಸ್ಥಾಪಿಸಿದ ‘ಹೀಲ್ ದ ಬೇ’ ಸಂಸ್ಥೆಯು ಅಗ್ರಗಣ್ಯ. ಶಾಲೆಯ ಪ್ರಗತಿಪತ್ರದ ರೀತಿಯಲ್ಲಿ ಒಂದೊಂದು ತೀರಕ್ಕೂ ‘ಎ’ಯಿಂದ ‘ಎಫ್’ವರೆಗೆ ದರ್ಜೆಯನ್ನು ಕೊಟ್ಟು ಪ್ರಕಟಿಸುವ ಅದರ ಪದ್ಧತಿ, ಅಂಕಿಗಳನ್ನು ಓದಲಾರದ ಸಾಮಾನ್ಯ ಜನರಿಗೆ ನೀರಿನ ಸ್ಥಿತಿಯನ್ನು ಮನಗಾಣಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಪ್ರಗತಿಪತ್ರದಲ್ಲಿ ಒಣಹವೆಯ ದಿನಗಳಿಗೂ ಮಳೆಯ ದಿನಗಳಿಗೂ ಬೇರೆ ಬೇರೆ ದರ್ಜೆಗಳಿರುತ್ತವೆ; ಬೇಸಗೆಯಲ್ಲಿ ‘ಎ’ ಪಡೆದ ತೀರವು ಮಳೆಯಲ್ಲಿ ‘ಎಫ್’ಗೆ ಇಳಿದಿರುವುದು ಸಾಮಾನ್ಯ.

ಕೊಳಚೆ ಶುದ್ಧವಾದ ಮೇಲೂ ಮಳೆಯ ಚರಂಡಿ ಉಳಿಯಿತು. ಲಾಸ್ ಏಂಜಲಿಸಿನಲ್ಲಿ ಅದು ಕೊಳಚೆಯ ಕೊಳವೆಗಿಂತ ಬೇರೆಯಾದುದು, ಆದುದರಿಂದಲೇ ಯಾವ ಶುದ್ಧೀಕರಣಾಲಯವನ್ನೂ ಹಾಯದೆ ಕಡಲಿಗೆ ಬೀಳುವಂಥದು. ಹಾಲಿವುಡ್, ಬೆವರ್ಲಿ ಹಿಲ್ಸ್, ಕಲ್ವರ್ ಸಿಟಿಗಳ ಬೀದಿನೀರನ್ನು ಹೊರುವ ಬಲೋನ ಹಳ್ಳವು ಸುಮಾರು 130 ಚದರ ಮೈಲಿಗಳ ಜಲಾನಯನ ಪ್ರದೇಶವುಳ್ಳದ್ದು. ಒಂದು ಕಾಲಕ್ಕೆ ಜೊಂಡುಹುಲ್ಲಿನ ನಡುವೆ ದಾರಿ ಬದಲಿಸುತ್ತ ಹರಿಯುತ್ತಿದ್ದ ಈ ಹಳ್ಳಕ್ಕೆ ನೆರೆಯ ಭಯದಿಂದ 1930ರ ದಶಕದಲ್ಲಿ ಕಾಂಕ್ರೀಟಿನ ಹಾಸುಗೆ ಹಾಸಲಾಯಿತು. ನೆರೆಯ ಭಯ ಕಳೆಯಿತು. ಜೊತೆಗೆ ನೀರನ್ನು ಸೋಸಿ ತಡೆಯುತ್ತಿದ್ದ ಮಣ್ಣೂ ಗಿಡವೂ ಹೋದುವು. ಎಂಜಿನಿಯರುಗಳು ನೀರನ್ನು ಎಷ್ಟು ಬೇಗ ಸಾಗಹಾಕಬಹುದೆಂಬುದನ್ನೇ ಗುರಿಯಾಗಿಟ್ಟುಕೊಂಡು ಕಟ್ಟಿದ ಈ ಕಾಲುವೆಗಳು ತಮ್ಮ ಕೆಲಸವನ್ನು ಅತ್ಯಂತ ದಕ್ಷವಾಗಿ ಮಾಡುತ್ತಿವೆಯೆಂಬುದೇ ಇಲ್ಲಿನ ಕೇಡಿನ ಮೂಲ.

ಅಳತೆಯ ವಿಧಾನ

ರೋಗಕಾರಕ ಅಣುಜೀವಿಗಳು ನೂರಾರು ಬಗೆಯವು. ಒಂದೊಂದನ್ನೂ ಹುಡುಕಿ ಎಣಿಸುವುದು ಅಸಾಧ್ಯ. ಆದಕಾರಣ, ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿ ಹೇರಳವಾಗಿದ್ದು ಮಲದೊಡನೆ ಹೊರಬೀಳುವ ಕೆಲವು ಬ್ಯಾಕ್ಟೀರಿಯಗಳನ್ನು ಸೂಚಕಗಳಾಗಿ ಹಿಡಿಯುವ ಪರಿಪಾಟಿ ಬಂದಿತು. ಇವು ತಾವೇ ರೋಗ ತರುವುದು ವಿರಳ. ಇವು ಇರುವಲ್ಲಿ ಮಲ ಸೇರಿದೆ, ಮಲ ಸೇರಿದಲ್ಲಿ ರೋಗಾಣುವಿರಬಹುದು ಎಂಬ ಅನುಮಾನ ಪ್ರಮಾಣವೇ ಈ ಶಾಸ್ತ್ರದ ಆಧಾರ. ಮಕ್ಕಳ ವೈದ್ಯನಾದ ಥಿಯೋಡೋರ್ ಎಷರಿಕ್ 1885ರಲ್ಲಿ ವರ್ಣಿಸಿದ, ಮುಂದೆ ಅವನ ಹೆಸರನ್ನೇ ಹೊತ್ತ ಎಷರಿಕಿಯ ಕೋಲಿ, ಅದರ ಬಳಗದ ಕೋಲಿಫಾರ್ಮುಗಳು ಕುಡಿಯುವ ನೀರಿನ ಪರೀಕ್ಷೆಯಲ್ಲಿ ಮೊದಲು ಬಳಕೆಗೆ ಬಂದುವು. ಉಪ್ಪುನೀರಿನಲ್ಲಿ ಇವು ಬೇಗನೆ ಸಾಯುವುದರಿಂದ, ಹೆಚ್ಚು ಬಾಳಿಕೆಯುಳ್ಳ ಎಂಟರೊಕಾಕಸ್ ಎಂಬ ಗುಂಪೇ ಕಡಲಿಗೆ ತಕ್ಕ ಸೂಚಕವೆಂದು ಅಮೆರಿಕದ ವಿಕ್ಟರ್ ಕಬೆಲಿಯು 1970ರ ದಶಕದಲ್ಲಿ ನ್ಯೂಯಾರ್ಕ್, ಬಾಸ್ಟನ್ ಮುಂತಾದ ಕಡೆ ಸ್ನಾನಾರ್ಥಿಗಳ ನಡುವೆ ನಡೆಸಿದ ಪರಿಶೀಲನೆಗಳಿಂದ ತೋರಿಸಿದನು. ಅದನ್ನನುಸರಿಸಿ ಅಮೆರಿಕದ ಪರಿಸರ ಸಂರಕ್ಷಣ ಸಂಸ್ಥೆಯು 1986ರಲ್ಲಿ ನೂರು ಮಿಲಿಲೀಟರು ಕಡಲನೀರಿಗೆ ಗುಣೋತ್ತರ ಸರಾಸರಿಯಲ್ಲಿ 35, ಜನನಿಬಿಡ ತೀರದ ಒಂಟಿ ಮಾದರಿಯಲ್ಲಿ 104 ಎಂಟರೊಕಾಕಸುಗಳ ಮಿತಿಯನ್ನು ಸೂಚಿಸಿತು. ಯುರೋಪಿನ 2006ರ ಸ್ನಾನಜಲ ನಿರ್ದೇಶನದ ಪ್ರಕಾರ ‘ಅತ್ಯುತ್ತಮ’ವೆನಿಸಿಕೊಳ್ಳುವ ಕಡಲತೀರದಲ್ಲಿ, ನೂರು ಮಾದರಿಗಳಲ್ಲಿ ತೊಂಬತ್ತೈದರಲ್ಲಿ ಎಂಟರೊಕಾಕಸುಗಳು ನೂರರ ಮಿತಿಯೊಳಗಿರುವಂತೆ ಲೆಕ್ಕ ಬರಬೇಕು.

ಈ ಅಂಕಿಗಳು ಹುಟ್ಟುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಯುಕ್ತ. ಕ್ಯಾಲಿಫೋರ್ನಿಯದ ತೀರದಲ್ಲಿ ಮಾದರಿ ತೆಗೆಯುವವನು ಬೆಳಗಿನ ಹೊತ್ತು ತೆರೆಯಂಚಿಗೆ ಇಳಿದು, ಕಣಕಾಲು ಮುಳುಗುವಷ್ಟು ಆಳದಲ್ಲಿ ನಿಂತು, ಕ್ರಿಮಿಶುದ್ಧಿ ಮಾಡಿದ ಸೀಸೆಯನ್ನು ಬರುವ ಅಲೆಗೆ ಒಡ್ಡಿ ತುಂಬಿಸಿಕೊಳ್ಳುತ್ತಾನೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪ್ರಯೋಗಶಾಲೆಗೆ ಬಂದ ನೀರನ್ನು ಹತ್ತು ಪಟ್ಟು ತೆಳುಗೊಳಿಸಿ, ಅದರಲ್ಲಿ ಪೋಷಕದ್ರವ್ಯದ ಪುಡಿಯನ್ನು ಕರಗಿಸಿ, ಸಣ್ಣ ಸಣ್ಣ ಕುಳಿಗಳುಳ್ಳ ಪ್ಲಾಸ್ಟಿಕ್ ತಟ್ಟೆಗೆ ಸುರಿದು ಮೊಹರು ಮಾಡಿ, 41 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಒಂದು ಹಗಲು ಒಂದು ರಾತ್ರಿ ಇರಿಸುತ್ತಾರೆ. ಮರುದಿನ ಕತ್ತಲೆಗೂಡಿನಲ್ಲಿ ಅತಿನೇರಳೆ ಬೆಳಕು ಹಾಯಿಸಿದಾಗ ನೀಲಿಯಾಗಿ ಹೊಳೆಯುವ ಕುಳಿಗಳನ್ನು ಎಣಿಸಿ, ಕೋಷ್ಟಕವನ್ನು ನೋಡಿ, ಸಂಭಾವ್ಯ ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ. ಇಷ್ಟು ಹೊತ್ತಿಗೆ ಸೀಸೆಗೆ ಬಂದ ನೀರು ಇದ್ದ ಸ್ಥಳದಲ್ಲಿ ಎರಡು ಉಬ್ಬರ, ಎರಡು ಇಳಿತಗಳು ಕಳೆದಿರುತ್ತವೆ. ತೀರದ ಫಲಕದ ಮೇಲೆ ಈಜುಗಾರನು ಇಂದು ಓದುವುದು ನಿನ್ನೆಯ ಸಮುದ್ರದ ಸುದ್ದಿಯನ್ನು. ಹಂಟಿಂಗ್ಟನ್ ಬೀಚಿನಲ್ಲಿ 1999ರ ಬೇಸಗೆಯಲ್ಲಿ ದೀರ್ಘಕಾಲ ನಿಷೇಧ ಹೇರಿದ ತರುವಾಯ ನಡೆದ ಸಂಶೋಧನೆಗಳಲ್ಲಿ, ಒಂದೇ ಸ್ಥಳದ ನೀರಿನಲ್ಲಿ ಸೂಚಕಗಳ ಸಂಖ್ಯೆಯು ನಿಮಿಷ ನಿಮಿಷಕ್ಕೂ ಏರಿಳಿಯುವುದೆಂದೂ, ಬಿಸಿಲು ಬಲಿತಂತೆ ಕುಗ್ಗಿ ಇರುಳಿನಲ್ಲಿ ಹಿಗ್ಗುವುದೆಂದೂ ತಿಳಿದುಬಂದಿತು. ಜೀವಕಣದ ವಂಶವಾಹಿಯನ್ನೇ ಗುರುತಿಸಿ ಕೆಲವು ಗಂಟೆಗಳಲ್ಲಿ ಉತ್ತರ ಕೊಡುವ ವಿಧಾನವನ್ನು ಸ್ಯಾನ್ ಡಿಯಾಗೊ ಜಿಲ್ಲೆಯು 2022ರಲ್ಲಿ ಅಂಗೀಕರಿಸಿದೆಯಾದರೂ, ಜಗತ್ತಿನ ಬಹುಪಾಲು ತೀರಗಳು ಇಂದಿಗೂ ಕುಳಿತಟ್ಟೆಯನ್ನೋ ಅದಕ್ಕಿಂತ ಹಳೆಯ ಕ್ರಮವನ್ನೋ ಅವಲಂಬಿಸಿವೆ.

ಮಳೆಮಾಪಕದ ಪ್ರಾಧಾನ್ಯ ಇಲ್ಲಿಯೇ. ಸಾಂಟಾ ಮೋನಿಕಾ ಕೊಲ್ಲಿಯ ಹಲವು ವರ್ಷಗಳ ದಾಖಲೆಗಳನ್ನು ಮಳೆಯ ದಾಖಲೆಗಳೊಡನೆ ಹೋಲಿಸಿ ಆಕರ್ಮನ್ ಮತ್ತು ವೈಸ್‌ಬರ್ಗ್ ಎಂಬ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ನಿರ್ಣಯಗಳು ಆಚರಣೆಗೆ ಬಹು ಸಹಾಯಕವಾದುವು: ಆರು ಮಿಲಿಮೀಟರನ್ನು ಮೀರಿದ ಪ್ರತಿಯೊಂದು ಮಳೆಯ ಬಳಿಕವೂ ಬ್ಯಾಕ್ಟೀರಿಯ ಹೆಚ್ಚುತ್ತದೆ, ಎರಡೂವರೆ ಮಿಲಿಮೀಟರಿಗೆ ಕಡಮೆಯಾದ ಮಳೆಯಿಂದ ಹಾಗಾಗುವುದು ಅಪರೂಪ, ಹೆಚ್ಚಿದ ಸಂಖ್ಯೆ ಸಾಮಾನ್ಯವಾಗಿ ಮೂರು ದಿನಗಳಲ್ಲಿ ವಿಧಿಸಿದ ಮಿತಿಯೊಳಗೆ ಇಳಿದರೂ, ಮಳೆಗೆ ಮುಂಚಿನ ಸ್ಥಿತಿಗೆ ಮರಳಲು ಐದು ದಿನಗಳಾದರೂ ಬೇಕು. ಅಂಗುಲದ ಹತ್ತನೆಯ ಒಂದು ಭಾಗದಷ್ಟಾದರೂ ಮಳೆಯಾದ ದಿನವನ್ನೂ ಅನಂತರದ ಮೂರು ದಿನಗಳನ್ನೂ ‘ಆರ್ದ್ರ ದಿನ’ಗಳೆಂದು ಪರಿಗಣಿಸುವ ನಿಯಮವೂ, ಎಪ್ಪತ್ತೆರಡು ಗಂಟೆಗಳ ಕಾಲ ನೀರಿಗಿಳಿಯಬೇಡಿರೆಂದು ಆರೋಗ್ಯಾಧಿಕಾರಿಗಳು ಹೊರಡಿಸುವ ಪ್ರಕಟಣೆಯೂ ಇದಕ್ಕೆ ಅನುಗುಣವಾಗಿವೆ. ಆದುದರಿಂದ ಎಪ್ಪತ್ತೆರಡು ಗಂಟೆಗಳೆಂಬುದು ಪ್ರಕೃತಿಯ ಗಡಿಯಲ್ಲ, ಸರಾಸರಿಗಳನ್ನು ನೋಡಿ ಆಡಳಿತವು ಎಳೆದ ಗೆರೆ. ಆ ಗೆರೆಯ ಈಚೆಗೆ ಅರ್ಧ ಗಂಟೆ ಮೊದಲು ಇಳಿದವನು ರೋಗಿಯೂ, ಆಚೆಗೆ ಇಳಿದವನು ನಿರೋಗಿಯೂ ಆಗುವನೆಂದು ಯಾರೂ ಹೇಳಿಲ್ಲ. ಆದರೂ ತಡವಾಗಿ ಬರುವ ಪ್ರಯೋಗಶಾಲೆಯ ಉತ್ತರಕ್ಕಿಂತ, ಆಕಾಶದಿಂದಲೇ ಬರುವ ಈ ಸೂಚನೆ ಸಕಾಲಿಕವಾದುದೆಂಬುದರಲ್ಲಿ ಸಂದೇಹವಿಲ್ಲ.

ನೀರನ್ನು ಮತ್ತೆ ತಿಳಿಗೊಳಿಸುವ ಶಕ್ತಿಗಳು ಮುಖ್ಯವಾಗಿ ಬಿಸಿಲು, ಉಪ್ಪು, ತೆರೆಯ ಕಲಕಾಟ ಮತ್ತು ಕಡಲ ಸೂಕ್ಷ್ಮಜೀವಿಗಳ ಹಸಿವು. ಮಳೆಯ ಬೆನ್ನಿಗೆ ಮೋಡ ಕವಿದಿದ್ದು ನೀರು ಕೆಸರಾಗಿದ್ದರೆ ಬಿಸಿಲಿನ ಕೆಲಸ ತಡವಾಗುತ್ತದೆ. ಬಾಗಿದ ಕೊಲ್ಲಿಗಳಲ್ಲಿ, ಒಡ್ಡುಗಳ ಮರೆಯಲ್ಲಿ, ಮಕ್ಕಳಿಗೆಂದು ಸುರಕ್ಷಿತವೆನಿಸುವ ನಿಶ್ಚಲ ಜಲದಲ್ಲಿ ಕಲಕಾಟವಿಲ್ಲದೆ ಮಾಲಿನ್ಯ ಹೆಚ್ಚು ಕಾಲ ನಿಲ್ಲುತ್ತದೆ. ತೀರದ ಒದ್ದೆ ಮರಳು ಮತ್ತು ಕೊಳೆಯುವ ಕಡಲಪಾಚಿಯ ರಾಶಿಗಳು ಬ್ಯಾಕ್ಟೀರಿಯಗಳಿಗೆ ಆಶ್ರಯವಾಗಿ, ಉಬ್ಬರ ಬಂದಾಗ ಅವನ್ನು ಮತ್ತೆ ನೀರಿಗೆ ಬಿಡುತ್ತವೆ. ವೈರಸುಗಳು ಸೂಚಕಗಳಿಗಿಂತ ಹೆಚ್ಚು ಕಾಲ ಬದುಕಬಲ್ಲವು. ಇದಕ್ಕೆ ವಿರುದ್ಧವಾದ ತೊಡಕೂ ಉಂಟು: ಹವಾಯಿ ದ್ವೀಪಗಳಲ್ಲಿ ರೋಜರ್ ಫುಜಿಯೋಕ ಎಂಬ ವಿಜ್ಞಾನಿಯು ಉಷ್ಣವಲಯದ ಮಣ್ಣಿನಲ್ಲಿ ಎಂಟರೊಕಾಕಸುಗಳು ಮಲದ ಸಂಪರ್ಕವಿಲ್ಲದೆಯೇ ನೆಲೆಸಿ ವೃದ್ಧಿಯಾಗುತ್ತವೆಂದು ತೋರಿಸಿದುದರಿಂದ, ಅಲ್ಲಿ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬೇರೊಂದು ಸೂಚಕದ ನೆರವನ್ನು ಪಡೆಯಬೇಕಾಯಿತು. ಸಮಶೀತೋಷ್ಣ ದೇಶಗಳಲ್ಲಿ ಹುಟ್ಟಿದ ಮಾನದಂಡಗಳನ್ನು ನಮ್ಮಂಥ ಉಷ್ಣದೇಶಗಳಿಗೆ ಹಾಗೆಯೇ ಹೊದಿಸುವವರು ಈ ಮಾತನ್ನು ಮರೆಯಬಾರದು.

ರೋಗದ ಸಾಕ್ಷ್ಯ

ಕಡಲಸ್ನಾನದಿಂದ ಕಾಯಿಲೆ ಬರುವುದು ಹೌದೇ ಎಂಬುದೇ ಬಹುಕಾಲ ವಿವಾದಾಸ್ಪದವಾಗಿದ್ದಿತು. 1959ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಪರಿಷತ್ತು ಪ್ರಕಟಿಸಿದ ವರದಿಯು, ಕಣ್ಣಿಗೇ ಹೇಸಿಗೆಯಾಗುವಷ್ಟು ನೀರು ಕೆಡದಿದ್ದರೆ ಅಪಾಯ ನಗಣ್ಯವೆಂಬ ತೀರ್ಮಾನಕ್ಕೆ ಬಂದಿದ್ದು, ಕೊಳಚೆಯನ್ನು ದಡದಲ್ಲಿಯೇ ಬಿಡುತ್ತಿದ್ದ ಊರುಗಳಿಗೆ ಮೂರು ದಶಕಗಳ ಕಾಲ ಒಳ್ಳೆಯ ಆಸರೆಯಾಯಿತು. ಕಣ್ಣನ್ನು ಪ್ರಮಾಣವಾಗಿ ಒಪ್ಪಿದುದು ಆ ವರದಿಯ ದೊಡ್ಡ ದೋಷ. ಅದೇ ದೇಶದಲ್ಲಿ 1989ರಿಂದ 1992ರವರೆಗೆ ಡೇವಿಡ್ ಕೇ ಮತ್ತು ಸಂಗಡಿಗರು ನಾಲ್ಕು ತೀರಗಳಲ್ಲಿ ಸಾವಿರಕ್ಕೂ ಮೀರಿದ ವಯಸ್ಕ ಸ್ವಯಂಸೇವಕರನ್ನು ಚೀಟಿಯೆತ್ತಿದ ಹಾಗೆ ಎರಡು ಪಂಗಡ ಮಾಡಿ, ಒಂದನ್ನು ಕಡಲಿಗಿಳಿಸಿ, ಇನ್ನೊಂದನ್ನು ದಡದಲ್ಲಿಯೇ ಕೂರಿಸಿ ಪರೀಕ್ಷಿಸಿದರು. ಎದೆಮಟ್ಟದ ಆಳದಲ್ಲಿ ನೂರು ಮಿಲಿಲೀಟರಿಗೆ 32ಕ್ಕಿಂತ ಹೆಚ್ಚು ಮಲಜನ್ಯ ಸ್ಟ್ರೆಪ್ಟೊಕಾಕಸುಗಳಿದ್ದಲ್ಲಿ ಮಿಂದವರಿಗೆ ವಾಂತಿಭೇದಿಯ ಸಂಭವವು ಹೆಚ್ಚಾಗತೊಡಗಿದುದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2003ರ ಮಾರ್ಗಸೂಚಿಗಳಿಗೆ ಈ ಪ್ರಯೋಗವೇ ಬುನಾದಿ.

ಸಾಂಟಾ ಮೋನಿಕಾ ಕೊಲ್ಲಿಯಲ್ಲಿ 1995ರ ಬೇಸಗೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸ್ನಾನಾರ್ಥಿಗಳನ್ನು ತೀರದಲ್ಲಿ ಮಾತಾಡಿಸಿ, ಅನಂತರ ದೂರವಾಣಿಯ ಮೂಲಕ ಅವರ ಆರೋಗ್ಯವನ್ನು ವಿಚಾರಿಸಲಾಗಿ, ಮಳೆಚರಂಡಿಯ ಬಾಯಿಯಲ್ಲಿಯೇ ಮಿಂದವರಿಗೆ ನಾನೂರು ಗಜ ಆಚೆಗೆ ಮಿಂದವರಿಗಿಂತ ಜ್ವರ, ಕಿವಿಯ ಸ್ರಾವ, ವಾಂತಿ, ಉಸಿರಾಟದ ಬಾಧೆಗಳು ಹೆಚ್ಚೆಂದು ಸ್ಥಿರಪಟ್ಟಿತು. ಇದು ಒಣ ಋತುವಿನ ಮಾತು. ಎರಡೇ ವರ್ಷಗಳಲ್ಲಿ, 1997ರಲ್ಲಿ, ಜನಸಂದಣಿಯ ತೀರಗಳನ್ನು ಏಪ್ರಿಲಿನಿಂದ ಅಕ್ಟೋಬರಿನವರೆಗೆ ವಾರಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆಂಬ ಶಾಸನವು ಕ್ಯಾಲಿಫೋರ್ನಿಯದಲ್ಲಿ ಆಯಿತು. ಮಳೆಗಾಲದ ತಿಂಗಳುಗಳನ್ನು ಈ ಶಾಸನವು ಬಿಟ್ಟುದು, ಆಗ ಯಾರೂ ಮೀಯುವುದಿಲ್ಲವೆಂಬ ಊಹೆಯಿಂದ.

ಅಲೆಸವಾರರು ಮಾತ್ರ ಆ ಊಹೆಗೆ ಒಳಪಡುವವರಲ್ಲ. ಬಿರುಗಾಳಿಯ ಮಳೆ ತರುವ ದೊಡ್ಡ ತೆರೆಗಳೇ ಅವರಿಗೆ ಹಬ್ಬ. ಎಚ್ಚರಿಕೆಯ ಫಲಕವನ್ನು ದಾಟಿ ನೀರಿಗೆ ಹಾರುವವರು ಅವರೇ. ಸ್ಯಾನ್ ಡಿಯಾಗೊದಲ್ಲಿ 2013ರಿಂದ 2015ರವರೆಗಿನ ಎರಡು ಚಳಿಗಾಲಗಳಲ್ಲಿ ಆರುನೂರಕ್ಕೂ ಮೀರಿದ ಅಲೆಸವಾರರನ್ನು ವಾರವಾರವೂ ವಿಚಾರಿಸಿ ನಡೆಸಿದ ಅಧ್ಯಯನವು 2017ರಲ್ಲಿ ಪ್ರಕಟವಾಯಿತು. ನೀರಿಗಿಳಿಯದ ದಿನಗಳೊಡನೆ ಹೋಲಿಸಿದರೆ, ಕಿವಿನೋವು ಒಣದಿನಗಳಲ್ಲಿ ಸುಮಾರು ಎರಡು ಪಟ್ಟು, ಮಳೆಯ ಬೆನ್ನಿನ ದಿನಗಳಲ್ಲಿ ಮೂರು ಪಟ್ಟಿಗೂ ಮೇಲೆ. ಗಾಯ ಕೀವುಗಟ್ಟುವುದು ಒಣದಿನಗಳಲ್ಲಿ ಮೂರು ಪಟ್ಟು, ಮಳೆಯಲ್ಲಿ ಐದು ಪಟ್ಟಿನ ಹತ್ತಿರ. ಹೊಟ್ಟೆಯ ಕಾಯಿಲೆಯೂ ಮಳೆಯ ದಿನಗಳಲ್ಲಿಯೇ ಅಧಿಕ. ಇವುಗಳಲ್ಲಿ ಬಹುತೇಕವು ನಾಲ್ಕಾರು ದಿನಗಳಲ್ಲಿ ತಾವೇ ಶಮನವಾಗುವ ಬಾಧೆಗಳೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಮಕ್ಕಳ ವಿಷಯ ಬೇರೆ. ಮುಕ್ಕಾಲು ಗಂಟೆಯ ಈಜಿನಲ್ಲಿ ವಯಸ್ಕರು ಸರಾಸರಿ 16 ಮಿಲಿಲೀಟರು ನೀರನ್ನು ನುಂಗಿದರೆ ಮಕ್ಕಳು 37 ಮಿಲಿಲೀಟರು ನುಂಗುತ್ತಾರೆಂದು ಈಜುಕೊಳದಲ್ಲಿ ನಡೆಸಿದ ಮಾಪನವೊಂದು ತೋರಿಸಿದೆ. ವೃದ್ಧರು, ಗರ್ಭಿಣಿಯರು, ಯಕೃತ್ತಿನ ರೋಗವುಳ್ಳವರು, ಮೈಮೇಲೆ ಹಸಿಗಾಯವುಳ್ಳವರು ಸಹ ಮಕ್ಕಳಂತೆಯೇ ಹೆಚ್ಚಿನ ಅಪಾಯಕ್ಕೆ ಒಳಗಾಗುವವರು. ಬೆಚ್ಚನೆಯ ಚೌಳುನೀರಿನಲ್ಲಿ ವೃದ್ಧಿಯಾಗುವ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯವು ಗಾಯದ ಮೂಲಕ ಒಳಹೊಕ್ಕರೆ ಎರಡು ಮೂರು ದಿನಗಳಲ್ಲಿ ಪ್ರಾಣಾಂತಿಕವಾಗಬಲ್ಲದು. 2006ರ ಮಾರ್ಚಿಯಲ್ಲಿ ಎಡೆಬಿಡದ ಮಳೆಯಿಂದ ಕೊಳವೆಯೊಡೆದು, ನಾಲ್ಕು ಕೋಟಿ ಎಂಬತ್ತು ಲಕ್ಷ ಗ್ಯಾಲನ್ ಕೊಳಚೆ ಹವಾಯಿಯ ವೈಕೀಕಿಯ ಬಳಿಯ ಆಲಾ ವಾಯ್ ಕಾಲುವೆಗೆ ಸುರಿದ ಹೊತ್ತಿನಲ್ಲಿ, ಅಲ್ಲಿಯ ಬಂದರಿನ ನೀರಿಗೆ ಬಿದ್ದ ಒಬ್ಬನು ಹೀಗೆಯೇ ಮಡಿದನು.

ಪ್ರತೀಕಾರ

ಮಳೆನೀರನ್ನು ಶುದ್ಧೀಕರಣಾಲಯಕ್ಕೆ ತಿರುಗಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಲಾಸ್ ಏಂಜಲಿಸಿನ ಕರಾವಳಿಯಲ್ಲಿ ಅನೇಕ ಚರಂಡಿಗಳ ಬಾಯಿಗೆ ಅಂಥ ತಿರುವುಗಳನ್ನು ಕಟ್ಟಲಾಗಿದೆ. ತೋಟಕ್ಕೆ ಬಿಟ್ಟ ನೀರು, ಕಾರು ತೊಳೆದ ನೀರು ಎಂದು ಬೇಸಗೆಯಲ್ಲಿ ಹರಿಯುವ ಸಣ್ಣ ಧಾರೆಯನ್ನು ಅವು ಯಶಸ್ವಿಯಾಗಿ ತಡೆಯುತ್ತವೆ. ಸಾಂಟಾ ಮೋನಿಕಾದ ಹಡಗುಕಟ್ಟೆಯ ಸಮೀಪದಲ್ಲಿ ಇಂಥ ಬೀದಿನೀರನ್ನೇ ಶುದ್ಧಿಮಾಡಿ ಗಿಡಮರಗಳಿಗೂ ಶೌಚಾಲಯಗಳಿಗೂ ಒದಗಿಸುವ ಸ್ಥಾವರವೊಂದಿದೆ. ಆದರೆ ಮಳೆ ಬಂದಾಗ ಪ್ರವಾಹವು ನೂರ್ಮಡಿಯಾಗಿ, ಶುದ್ಧೀಕರಣಾಲಯವೇ ಮುಳುಗುವ ಸ್ಥಿತಿಯಾಗುವುದರಿಂದ ತಿರುವುಗಳನ್ನು ಮುಚ್ಚಬೇಕಾಗುತ್ತದೆ. ಎಂದರೆ ಅತ್ಯಂತ ಅಗತ್ಯವಾದ ದಿನದಂದೇ ಅವು ನಿರುಪಯುಕ್ತ. ಈಚಿನ ಒಲವು ನೀರನ್ನು ಬಿದ್ದಲ್ಲಿಯೇ ಇಂಗಿಸುವುದರ ಕಡೆಗಿದೆ. 2018ರ ನವೆಂಬರಿನಲ್ಲಿ ಲಾಸ್ ಏಂಜಲಿಸ್ ಜಿಲ್ಲೆಯ ಮತದಾರರು, ನೀರಿಂಗದಂತೆ ಮುಚ್ಚಿದ ಪ್ರತಿ ಚದರಡಿ ನೆಲಕ್ಕೆ ವರ್ಷಕ್ಕೆ ಎರಡೂವರೆ ಸೆಂಟುಗಳ ತೆರಿಗೆಯನ್ನು ತಮ್ಮ ಮೇಲೆ ತಾವೇ ಹೇರಿಕೊಂಡರು. ಕಾಂಕ್ರೀಟು ಹಾಸಿದುದರ ಬೆಲೆಯನ್ನು ಹಾಸಿದವನಿಂದಲೇ ಪಡೆಯುವ ಈ ಏರ್ಪಾಟು ನ್ಯಾಯವಾದುದು, ಅನುಕರಣೀಯವೂ ಹೌದು.

ಆದರೂ ಮಳೆಯಲ್ಲಿ ಪೂರ್ಣಶುದ್ಧಿಯೆಂಬುದು ಎಟುಕುವ ಗುರಿಯಲ್ಲ. ಮನುಷ್ಯವಸತಿ ಬಹು ವಿರಳವಾದ ಕಣಿವೆಯೊಂದರ ಹೊಳೆ ಸೇರುವ ಲಿಯೊ ಕರಿಯೊ ತೀರವನ್ನು ಅಧಿಕಾರಿಗಳು ಹೋಲಿಕೆಯ ಮಾದರಿಯಾಗಿ ಆಯ್ದು ಪರೀಕ್ಷಿಸಿದಾಗ, ಅಲ್ಲಿಯೂ ಮಳೆಯ ಬಳಿಕ ಮಿತಿ ಮೀರುವುದು ಕಂಡು, ಕೊಲ್ಲಿಯ ಉಳಿದ ತೀರಗಳಿಗೆ ವರ್ಷಕ್ಕೆ ಹದಿನೇಳು ಆರ್ದ್ರ ದಿನಗಳ ವಿನಾಯಿತಿಯನ್ನು ಕೊಟ್ಟರು. ಜಿಂಕೆಗೂ ಗೂಬೆಗೂ ಕಾನೂನು ಹೇಳುವವರಾರು! ಮೆಕ್ಸಿಕೋದ ಗಡಿಯಲ್ಲಿ ಟಿಹುವಾನ ನದಿಯ ಅಳಿವೆಗೆ ಹತ್ತಿದ ಇಂಪೀರಿಯಲ್ ಬೀಚಿನ ದಕ್ಷಿಣ ಭಾಗವು 2021ರ ಡಿಸೆಂಬರಿನಿಂದ ಮೊದಲ್ಗೊಂಡು ಸಾವಿರ ದಿನಗಳಿಗೂ ಮೀರಿ ನಿರಂತರವಾಗಿ ಮುಚ್ಚಿದ್ದುದು ಇದಕ್ಕೆ ಪ್ರತಿಯಾದ ಇನ್ನೊಂದು ತುದಿ. ಅಲ್ಲಿ ಮಳೆ ಬರಿಯ ನೆಪ, ಗಡಿಯಾಚೆಯ ನಗರದ ಕೊಳಚೆಯೇ ಕಾರಣ.

ಆಸ್ಟ್ರೇಲಿಯದ ಸಿಡ್ನಿಯಲ್ಲಿ ಬಾಂಡೈ, ಮಲಬಾರ್, ನಾರ್ತ್ ಹೆಡ್ ಎಂಬ ಮೂರು ಕಡೆ ಬಂಡೆಯ ಬುಡದಲ್ಲಿಯೇ ಬಿಡುತ್ತಿದ್ದ ಕೊಳಚೆಯನ್ನು 1990-91ರಲ್ಲಿ ಸುರಂಗಗಳ ಮೂಲಕ ಕೆಲವು ಕಿಲೋಮೀಟರು ಹೊರಗೆ, ಆಳದ ಕಡಲಿಗೆ ಸಾಗಿಸಲಾಯಿತು. ಒಣದಿನಗಳಲ್ಲಿ ಅಲ್ಲಿಯ ತೀರಗಳು ಈಗ ನಿರ್ಮಲ. ಮಳೆಯ ವಿಷಯದಲ್ಲಿ 1989ರಲ್ಲಿ ಆರಂಭವಾದ ‘ಬೀಚ್‌ವಾಚ್’ ಯೋಜನೆಯ ಸಲಹೆ ಸರಳವೂ ವಿವೇಕಯುಕ್ತವೂ ಆದುದು: ಬಲವಾದ ಮಳೆಯ ಬಳಿಕ ತೆರೆದ ಕಡಲಿನಲ್ಲಿ ಒಂದು ದಿನ, ಬಂದರಿನ ಒಳಗೂ ಅಳಿವೆಗಳಲ್ಲೂ ಮೂರು ದಿನ ಈಜಬಾರದು. ಕಲಕಾಟವಿರುವ ನೀರಿಗೂ ಇಲ್ಲದ ನೀರಿಗೂ ಹೀಗೆ ಭೇದವೆಣಿಸಿರುವುದು, ಎಲ್ಲಕ್ಕೂ ಒಂದೇ ಅವಧಿಯನ್ನು ಹೇಳುವ ಕ್ಯಾಲಿಫೋರ್ನಿಯದ ಕ್ರಮಕ್ಕಿಂತ ಮೇಲು.

ಅಣುಜೀವಿಗಳಲ್ಲದ ಅಪಾಯಗಳೂ ಮಳೆಯ ಬೆನ್ನಿಗೆ ಬರುತ್ತವೆ. ಕೆಸರುನೀರಿನಲ್ಲಿ ತಳವೂ ಕಾಣದು, ತೇಲುವ ಮರದ ದಿಮ್ಮಿಯೂ ಕಾಣದು, ಮುಳುಗುವವನೂ ಕಾಣನು. ತುಂಬಿ ಬಂದ ಹೊಳೆಯು ಮರಳನ್ನು ಕೊರೆದು ಹೊಸ ಗುಂಡಿಗಳನ್ನು ಮಾಡಿರುವುದರಿಂದ ನಿನ್ನೆ ಮೊಣಕಾಲುದ್ದವಿದ್ದೆಡೆ ಇಂದು ಆಳುದ್ದವಿರಬಹುದು. ಅಳಿವೆಯ ಸೆಳವು ಇಳಿತದೊಡನೆ ಕೂಡಿದಾಗ ಬಲ್ಲಿದ ಈಜುಗಾರನನ್ನೂ ಹೊರಗೆ ಒಯ್ಯುತ್ತದೆ.

ಕನ್ನಡ ಕರಾವಳಿ

ಭಾರತದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ಕರಾವಳಿಯ ನೀರನ್ನು ಐದು ದರ್ಜೆಗಳಾಗಿ ವಿಂಗಡಿಸಿದ್ದು, ಸ್ನಾನಕ್ಕೂ ಜಲಕ್ರೀಡೆಗೂ ಸಲ್ಲುವ ಎರಡನೆಯ ದರ್ಜೆಯಲ್ಲಿ ನೂರು ಮಿಲಿಲೀಟರಿಗೆ ನೂರು ಮಲಜನ್ಯ ಕೋಲಿಫಾರ್ಮುಗಳ ಮಿತಿಯನ್ನು ಹಾಕಿ, ಮಳೆಗಾಲದ ತಿಂಗಳುಗಳಿಗೆ ಅದರಲ್ಲಿಯೇ ಪ್ರತ್ಯೇಕ ಉಪವಿಧಿಯನ್ನು ಸೇರಿಸಿದೆ. 2020ರಲ್ಲಿ ಅಂತರರಾಷ್ಟ್ರೀಯ ‘ನೀಲಿ ಬಾವುಟ’ದ ಮನ್ನಣೆ ಪಡೆದ ಭಾರತದ ಮೊದಲ ಎಂಟು ತೀರಗಳಲ್ಲಿ ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ನಮ್ಮವು.

ಕ್ಯಾಲಿಫೋರ್ನಿಯದ ಮೂರು ದಿನಗಳ ನಿಯಮವು ಮಳೆಗಳ ನಡುವೆ ಒಣದಿನಗಳಿರುವ ದೇಶಕ್ಕೆ ಹೇಳಿದ್ದು. ನೇತ್ರಾವತಿ, ಗುರುಪುರ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿಗಳು ಘಟ್ಟದ ಕೆಮ್ಮಣ್ಣನ್ನು ಕದಡಿಕೊಂಡು ಬಂದು ಕಡಲನ್ನು ಕಾವಿಬಣ್ಣಕ್ಕೆ ತಿರುಗಿಸುವ ಆಷಾಢ ಶ್ರಾವಣಗಳಲ್ಲಿ ಅಂಥ ಮೂರು ದಿನ ಕೂಡಿಬರುವುದೇ ದುರ್ಲಭ. ಆದರೆ ಆ ಕಾಲದಲ್ಲಿ ನಮ್ಮ ಕಡಲು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ, ಮಲ್ಪೆಯಂಥ ತೀರಗಳಲ್ಲಿ ಬಲೆ ಕಟ್ಟಿ ಜನರನ್ನು ತಡೆಯುತ್ತಾರೆ, ತೆರೆಯ ಅಬ್ಬರವೇ ಉಳಿದವರನ್ನು ಹಿಮ್ಮೆಟ್ಟಿಸುತ್ತದೆ. ನಿಜವಾಗಿ ಗಮನ ಹರಿಸಬೇಕಾದ ಕಾಲ ಅದಲ್ಲ; ಏಪ್ರಿಲ್ ಕೊನೆಯಿಂದ ಮೇ ತಿಂಗಳಿನವರೆಗಿನದು. ಶಾಲೆಗಳಿಗೆ ರಜೆ, ಘಟ್ಟದ ಮೇಲಿನಿಂದ ಬಂದ ಕುಟುಂಬಗಳಿಂದ ಪಣಂಬೂರು, ಮಲ್ಪೆ, ಮುರುಡೇಶ್ವರ, ಗೋಕರ್ಣಗಳು ಕಿಕ್ಕಿರಿದಿರುವಾಗ, ಒಂದು ಸಂಜೆ ಗುಡುಗಿನೊಡನೆ ಮುಂಗಾರು ಪೂರ್ವದ ಮಳೆ ಸುರಿದು, ಆರು ತಿಂಗಳ ಒಣಗಸವನ್ನು ಚರಂಡಿಗಳಿಂದ ಕಡಲಿಗೆ ಇಳಿಸುತ್ತದೆ. ಮರುದಿನ ಆಕಾಶ ಶುಭ್ರ, ಅಲೆ ಮಂದ, ನೀರು ನೋಡಲು ನಿರಪಾಯ. ಅಂಥ ಬೆಳಗಿನಲ್ಲಿ ಮಕ್ಕಳನ್ನು ಕರೆದುಕೊಂಡು ತೀರಕ್ಕೆ ಹೋಗುವ ಓದುಗರು ಅಳಿವೆಗಳಿಂದಲೂ ಚರಂಡಿಯ ಬಾಯಿಗಳಿಂದಲೂ ದೂರವಿದ್ದು, ಹಿಂದಿನ ರಾತ್ರಿ ಆ ಊರಿನಲ್ಲಿ ಮಳೆಯಾಗಿತ್ತೇ ಎಂದು ಅಂಗಡಿಯವನನ್ನೋ ಮೀನುಗಾರನನ್ನೋ ಕೇಳಿ, ಆಗಿತ್ತೆಂದರೆ ಅಂದು ಒಣ ಮರಳಿನ ಮೇಲೆಯೇ ಆಡಿಸಿ, ಊಟಕ್ಕೆ ಮುಂಚೆ ಕೈತೊಳೆಸಿ ಕರೆತರುವುದು ಒಳ್ಳೆಯದು.